ರಿಜಿಸ್ಟ್ರಿ ಶೋಧನ: ಸಿಕ್ಲೀನರ್ ಪರದೆಗೆ ಒಂದು ವ್ಯಾಖ್ಯಾನ

ವ್ಯಾಖ್ಯಾನಕ್ಕೆ ಎತ್ತಿಕೊಂಡ ಮೂಲಪಾಠ ಬಹು ಚಿಕ್ಕದು. ವಿಂಡೋಸ್ ಗಣಕದಲ್ಲಿ ಸಿಕ್ಲೀನರ್ ಎಂಬ ಉಪಕರಣವನ್ನು ತೆರೆದು ಎಡಬದಿಯ ‘ರಿಜಿಸ್ಟ್ರಿ’ ಎಂಬ ಗುಂಡಿಯನ್ನು ಒತ್ತಿದಾಗ ಪರದೆಯ ಮೇಲೆ ಮೂಡುವ ಶಬ್ದಗಳೇ ಆ ಪಾಠ. ಮೊದಲು ಶೀರ್ಷಿಕೆ, ಅದರ ಕೆಳಗೆ ಗುರುತು ಹಾಕುವ ಚೌಕಗಳುಳ್ಳ ಸಾಲುಗಳು, ಬಲಕ್ಕೆ ಮೂರು ಅಂಕಣಗಳ ಪಟ್ಟಿ, ಅಡಿಯಲ್ಲಿ ಗುಂಡಿಗಳು, ಕೊನೆಗೊಂದು ಪ್ರಶ್ನೆ. ಆವೃತ್ತಿಯಿಂದ ಆವೃತ್ತಿಗೆ ಒಂದೆರಡು ಶಬ್ದ ಹೆಚ್ಚುಕಡಿಮೆಯಾಗುವುದುಂಟು, ಅರ್ಥ ಬದಲಾಗದು. ಈ ಜಾತಿಯ ಬೇರೆ ಉಪಕರಣಗಳ ಪಾಠವೂ ಬಹುಮಟ್ಟಿಗೆ ಇದೇ ಕ್ರಮದಲ್ಲಿರುವುದರಿಂದ ಇಲ್ಲಿ ಹೇಳಿದ್ದು ಅವಕ್ಕೂ ಸಲ್ಲುತ್ತದೆ. ಓದಿದಷ್ಟು ಬೇಗನೆ ಒತ್ತಿಬಿಡಬಹುದಾದ ಪಾಠವಾದ್ದರಿಂದಲೇ ಇದನ್ನು ಪದಪದವಾಗಿ ಬಿಡಿಸಿ ನೋಡುವುದು ಅವಶ್ಯ.

‘ರಿಜಿಸ್ಟ್ರಿ’ ಎಂಬುದು ಶೀರ್ಷಿಕೆಯ ಮೊದಲ ಪದ. ವಿಂಡೋಸ್ ತಾನೂ ತನ್ನ ಆಶ್ರಯದಲ್ಲಿರುವ ತಂತ್ರಾಂಶಗಳೂ ತಂತಮ್ಮ ವ್ಯವಸ್ಥೆಯನ್ನು ಬರೆದಿಟ್ಟುಕೊಳ್ಳುವ ದಫ್ತರಕ್ಕೆ ಈ ಹೆಸರು. ಪೂರ್ವದಲ್ಲಿ ಇಂಥ ವಿವರಗಳು ವಿನ್.ಐಎನ್‌ಐ, ಸಿಸ್ಟಮ್.ಐಎನ್‌ಐ ಮೊದಲಾದ ಬಿಡಿ ಪಠ್ಯಕಡತಗಳಲ್ಲಿ ಚದುರಿದ್ದವು. 1992ರ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿಯ ಚಿಕ್ಕ ರೂಪವೊಂದು ತೋರಿತು. 1993ರ ವಿಂಡೋಸ್ ಎನ್‌ಟಿಯಲ್ಲಿಯೂ ಅನಂತರ ವಿಂಡೋಸ್ 95ರಲ್ಲಿಯೂ ಅದು ಇಡೀ ವ್ಯವಸ್ಥೆಗೆ ಆಧಾರವಾಯಿತು. ‘ಕೀ’ ಎಂದರೆ ಒಳಗೊಳಗೆ ಉಪವಿಭಾಗಗಳನ್ನು ಹೊಂದಬಲ್ಲ ವಿಭಾಗ. ‘ವ್ಯಾಲ್ಯೂ’ ಎಂದರೆ ಆ ವಿಭಾಗದೊಳಗಿನ ಹೆಸರುಳ್ಳ ನಮೂದು. ‘ಡೇಟಾ’ ಎಂದರೆ ಆ ನಮೂದಿನಲ್ಲಿ ಬರೆದಿಟ್ಟ ವಿಷಯ. ಡಿಸ್ಕಿನ ಮೇಲೆ ಇದೆಲ್ಲವೂ ಒಂದೇ ಕಡತವಾಗಿಲ್ಲ. ಸಿಸ್ಟಮ್, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ, ಡಿಫಾಲ್ಟ್ ಎಂಬ ‘ಹೈವ್’ಗಳು, ಅಂದರೆ ಮೂಲಭಂಡಾರಗಳು, ಸಿಸ್ಟಮ್32 ಫೋಲ್ಡರಿನೊಳಗಿನ ಕಾನ್ಫಿಗ್ ಎಂಬಲ್ಲಿವೆ, ಒಬ್ಬೊಬ್ಬ ಬಳಕೆದಾರರ ಸ್ವಂತ ಆಯ್ಕೆಗಳು ಅವರವರ ಫೋಲ್ಡರಿನ ಎನ್‌ಟಿಯೂಸರ್.ಡ್ಯಾಟ್ ಎಂಬ ಕಡತದಲ್ಲಿವೆ. ಗಣಕ ಎದ್ದೇಳುವಾಗ ಯಾವ ಚಾಲಕ ತಂತ್ರಾಂಶ ಮೊದಲು ಏಳಬೇಕೆಂಬುದೂ ಇಲ್ಲೇ ಬರೆದಿದೆ, ಗೋಡೆಚಿತ್ರ ಯಾವುದೆಂಬುದೂ ಇಲ್ಲೇ ಬರೆದಿದೆ. ಪ್ರಾಣಭೂತವಾದದ್ದು, ಅಲಂಕಾರಮಾತ್ರವಾದದ್ದು ಎರಡೂ ಒಂದೇ ಬಗೆಯ ನಮೂದಾಗಿ ಅಕ್ಕಪಕ್ಕದಲ್ಲಿರುವುದು ಈ ದಫ್ತರದ ಲಕ್ಷಣ. ಮುಂದೆ ಬರುವ ಎಚ್ಚರಿಕೆಗಳಿಗೆಲ್ಲ ಮೂಲ ಇದೇ.

‘ಕ್ಲೀನರ್’, ಅಂದರೆ ಶೋಧಕ, ಎಂಬುದು ಎರಡನೆಯ ಪದ. ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ಉಳಿದುಬಿಡುವ ನಮೂದುಗಳನ್ನು ಹುಡುಕಿ ತೆಗೆಯುವುದು ಈ ಉಪಕರಣದ ವೃತ್ತಿ. ಇಲ್ಲಿ ಶಂಕೆ: ಹಳೆಯ ನಮೂದು ಹೆಚ್ಚಿದಷ್ಟೂ ಗಣಕ ನಿಧಾನವಾಗುತ್ತದೆ, ತೆಗೆದಷ್ಟೂ ವೇಗವಾಗುತ್ತದೆ ಅಲ್ಲವೆ? ಸಮಾಧಾನ: ಹಾಗಲ್ಲ. ವಿಂಡೋಸ್ ರಿಜಿಸ್ಟ್ರಿಯನ್ನು ಆದಿಯಿಂದ ಅಂತ್ಯದವರೆಗೆ ಓದುವುದಿಲ್ಲ. ಬೇಕಾದ ಕೀಯ ದಾರಿಯನ್ನು ಹಿಡಿದು, ಮಟ್ಟದಿಂದ ಮಟ್ಟಕ್ಕೆ ಇಳಿದು, ನೇರವಾಗಿ ಅಲ್ಲಿಗೇ ಹೋಗುತ್ತದೆ. ಪಕ್ಕದ ದಾರಿಯಲ್ಲಿ ಬಿದ್ದಿರುವ ನೂರಾರು ಹಳೆಯ ನಮೂದುಗಳು ಅದರ ನಡಿಗೆಗೆ ಅಡ್ಡ ಬರುವುದಿಲ್ಲ. ಅಳಿಸಿದ ಮಾತ್ರಕ್ಕೆ ಹೈವ್ ಕಡತ ಕುಗ್ಗುವುದೂ ಇಲ್ಲ. ಆ ಸ್ಥಳ ‘ಖಾಲಿ’ ಎಂದು ಗುರುತಾಗಿ ಒಳಗೇ ಉಳಿಯುತ್ತದೆ. ಆದುದರಿಂದ ವೇಗವು ಈ ಕ್ರಿಯೆಯ ಫಲವಲ್ಲ. ಫಲವೇನೆಂದರೆ, ಪ್ರತಿ ಬಾರಿ ಗಣಕ ಎದ್ದಾಗ ‘ಇಂಥ ಕಡತ ಸಿಗಲಿಲ್ಲ’ ಎಂದು ಕಾಡುವ ಸಂದೇಶ, ತೆಗೆದುಹಾಕಿದ ತಂತ್ರಾಂಶದ ಹೆಸರು ಬಲಗುಂಡಿಯ ಮೆನುವಿನಲ್ಲಿ ಉಳಿದಿರುವುದು, ಅರ್ಧಕ್ಕೆ ನಿಂತ ಅನ್‌ಇನ್‌ಸ್ಟಾಲ್ ಮರುಸ್ಥಾಪನೆಗೆ ತಡೆಯಾಗಿರುವುದು ಇತ್ಯಾದಿ ನಿರ್ದಿಷ್ಟ ತೊಂದರೆಗಳ ನಿವಾರಣೆ. ಅಂಥ ತೊಂದರೆ ಇಲ್ಲದವರಿಗೆ ಈ ಉಪಕರಣದಿಂದ ಪ್ರಯೋಜನವಿಲ್ಲ. ಅವರು ಇದನ್ನು ತೆರೆಯದಿರುವುದೇ ಯುಕ್ತ.

ಇದೇ ಪದಕ್ಕೆ ಸಂಬಂಧಿಸಿದ ಪೂರ್ವೇತಿಹಾಸವನ್ನೂ ಇಲ್ಲೇ ಹೇಳಬೇಕು. 1990ರ ದಶಕದಲ್ಲಿ ಮೈಕ್ರೋಸಾಫ್ಟ್ ತಾನೇ ‘ರೆಗ್‌ಕ್ಲೀನ್’ ಎಂಬ ಶೋಧಕವನ್ನು ಕೊಟ್ಟಿತ್ತು, ಅನಂತರ ಹಿಂತೆಗೆದುಕೊಂಡಿತು. ಇಂದು ಆ ಸಂಸ್ಥೆಯ ಪ್ರಕಟಿತ ನೀತಿಯೆಂದರೆ, ರಿಜಿಸ್ಟ್ರಿ ಶೋಧಕಗಳ ಬಳಕೆಗೆ ತನ್ನ ಬೆಂಬಲವಿಲ್ಲ. ಅವುಗಳಿಂದಾದ ಕೆಡುಕಿಗೆ ತಾನು ಹೊಣೆಯಲ್ಲ. ಕೆಲವು ಕೆಡುಕುಗಳಿಗೆ ವಿಂಡೋಸನ್ನೇ ಹೊಸದಾಗಿ ಸ್ಥಾಪಿಸಬೇಕಾದೀತು. ಇನ್ನು ಶೋಧಕದ ವೇಷ ತೊಟ್ಟು ಬರುವವುಗಳ ವಿಷಯ. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ‘ರಿಜಿಸ್ಟ್ರಿ ಕ್ಲೀನರ್ ಎಕ್ಸ್‌ಪಿ’ ಎಂಬುದನ್ನು ಮಾರುತ್ತಿದ್ದವರ ಮೇಲೆ ಮೊಕದ್ದಮೆ ಹೂಡಿದರು. ಗಣಕಕ್ಕೆ ಗಂಡಾಂತರ ಬಂದಿದೆಯೆಂಬ ಸುಳ್ಳು ಎಚ್ಚರಿಕೆಗಳನ್ನು ಪರದೆಯ ಮೇಲೆ ಹಾಯಿಸಿ ಜನರನ್ನು ಖರೀದಿಗೆ ದೂಡುತ್ತಿದ್ದರೆಂಬುದು ಆರೋಪ. ಹೆಸರುವಾಸಿಯಾದ ಉಪಕರಣವೂ ನಿರಪಾಯವೆನ್ನಲಾಗದು. 2017ರ ಆಗಸ್ಟ್ 15ರಿಂದ ಸೆಪ್ಟೆಂಬರ್ 12ರವರೆಗೆ ಹಂಚಿಕೆಯಾದ ಸಿಕ್ಲೀನರಿನ 5.33ನೆಯ ಆವೃತ್ತಿಯೊಳಗೆ, ತಯಾರಕರದೇ ವಿತರಣಾ ದಾರಿಯಲ್ಲಿ ನುಸುಳಿದ ದುಷ್ಟ ತಂತ್ರಾಂಶ ಸೇರಿಕೊಂಡಿತ್ತು, ಸುಮಾರು 22.7 ಲಕ್ಷ ಬಳಕೆದಾರರಿಗೆ ಅದು ತಲುಪಿತ್ತೆಂದು ತಯಾರಕರೇ ತಿಳಿಸಿದರು. ಆದುದರಿಂದ ಉಪಕರಣವನ್ನು ತಯಾರಕರ ತಾಣದಿಂದಲೇ ಪಡೆಯಬೇಕು, ಇತ್ತೀಚಿನ ಆವೃತ್ತಿಯನ್ನೇ ಇಟ್ಟುಕೊಳ್ಳಬೇಕು, ತಾನಾಗಿ ಪರದೆಗೆ ಹಾರಿ ಬಂದು ನೂರಾರು ದೋಷಗಳನ್ನು ಎಣಿಸಿ ಹೇಳುವ ಶೋಧಕವನ್ನು ಒಳಗೆ ಬಿಡಬಾರದು.

ಇಲ್ಲಿ ಪಾಠದಲ್ಲಿಲ್ಲದ, ಆದರೆ ಅಧ್ಯಾಹಾರದಿಂದ ತಂದುಕೊಳ್ಳಲೇಬೇಕಾದ ಒಂದು ವಾಕ್ಯವಿದೆ. ಅಧ್ಯಾಹಾರವೆಂದರೆ ಮೂಲದಲ್ಲಿ ಹೇಳದಿದ್ದರೂ ಅರ್ಥಪೂರ್ತಿಗಾಗಿ ಸೇರಿಸಿಕೊಳ್ಳುವುದು. ‘ಮೊದಲು ರಿಸ್ಟೋರ್ ಪಾಯಿಂಟ್ ಮಾಡು’ ಎಂಬುದು ಆ ವಾಕ್ಯ. ರಿಸ್ಟೋರ್ ಪಾಯಿಂಟ್ ಎಂದರೆ ವ್ಯವಸ್ಥೆಯ ಕಡತಗಳನ್ನೂ ರಿಜಿಸ್ಟ್ರಿಯನ್ನೂ ಇದ್ದಂತೆಯೇ ಹಿಡಿದಿಡುವ ವಿಂಡೋಸಿನ ಸ್ವಂತ ವ್ಯವಸ್ಥೆ. ಇದಕ್ಕೆ ‘ಸಿಸ್ಟಮ್ ಪ್ರೊಟೆಕ್ಷನ್’ ಆನ್ ಆಗಿರಬೇಕು. ಹಲವು ಗಣಕಗಳಲ್ಲಿ ಅದು ಆಫ್ ಆಗಿರುವುದರಿಂದ ಮೊದಲು ಕಣ್ಣಾರೆ ನೋಡಿಕೊಳ್ಳಬೇಕು. ಶಂಕೆ: ವಿಂಡೋಸ್ ತಾನಾಗಿಯೇ ರಿಜಿಸ್ಟ್ರಿಯ ಪ್ರತಿಯನ್ನು ‘ರೆಗ್‌ಬ್ಯಾಕ್’ ಎಂಬ ಫೋಲ್ಡರಿನಲ್ಲಿ ಇಡುತ್ತದೆಯಲ್ಲವೆ? ಸಮಾಧಾನ: ಹಿಂದೆ ಇಡುತ್ತಿತ್ತು. ವಿಂಡೋಸ್ 10ರ 1803ನೆಯ ಆವೃತ್ತಿಯಿಂದ, ಅಂದರೆ 2018ರಿಂದ, ಡಿಸ್ಕಿನ ಜಾಗ ಉಳಿಸುವ ಉದ್ದೇಶದಿಂದ ಆ ಕ್ರಮವನ್ನು ಕೈಬಿಡಲಾಗಿದೆ. ಫೋಲ್ಡರಿನೊಳಗೆ ಕಡತಗಳ ಹೆಸರು ಕಾಣಿಸಿದರೂ ಅವುಗಳ ಗಾತ್ರ ಸೊನ್ನೆ. ಹಳೆಯ ಪುಸ್ತಕಗಳನ್ನು ನಂಬಿ ಆ ಪ್ರತಿಯ ಮೇಲೆ ಭರವಸೆ ಇಡಬಾರದು.

‘ಸ್ಕ್ಯಾನ್ ಫಾರ್ ಇಶ್ಯೂಸ್’ ಎಂಬುದು ಪಾಠದ ಮೊದಲ ಕ್ರಿಯಾಪದ. ಇದನ್ನು ಒತ್ತಿದ ಮಾತ್ರಕ್ಕೆ ಏನೂ ಅಳಿಯುವುದಿಲ್ಲ, ಹುಡುಕಾಟವಷ್ಟೇ ನಡೆಯುತ್ತದೆ. ‘ಇಶ್ಯೂ’ ಎಂದರೆ ಇಲ್ಲಿ ಏನೆಂಬುದನ್ನು ಸ್ಪಷ್ಟಮಾಡಿಕೊಳ್ಳಬೇಕು. ರಿಜಿಸ್ಟ್ರಿಯ ಒಂದು ನಮೂದು ಒಂದು ಕಡತವನ್ನೋ ಫೋಲ್ಡರನ್ನೋ ಇನ್ನೊಂದು ಕೀಯನ್ನೋ ಬೆರಳುಮಾಡಿ ತೋರಿಸುತ್ತದೆ. ಉಪಕರಣ ಆ ಬೆರಳಿನ ದಿಕ್ಕಿಗೆ ಹೋಗಿ ನೋಡುತ್ತದೆ. ಅಲ್ಲಿ ವಸ್ತು ಸಿಗದಿದ್ದರೆ ಆ ನಮೂದನ್ನು ‘ಇಶ್ಯೂ’ ಎಂದು ಪಟ್ಟಿಗೆ ಬರೆಯುತ್ತದೆ. ಅಷ್ಟೇ ಅದರ ಪ್ರಮಾಣ. ‘ಸಿಗಲಿಲ್ಲ’ ಎಂಬುದು ಅದಕ್ಕೆ ಗೊತ್ತು. ‘ಬೇಡವಾಗಿದೆ’ ಎಂಬುದು ಅದಕ್ಕೆ ಗೊತ್ತಿಲ್ಲ. ಬಾಗಿಲಿಗೆ ಬೀಗ ಕಂಡ ಮಾತ್ರಕ್ಕೆ ಆ ಮನೆಯವರೆಲ್ಲರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆದುಬಿಟ್ಟರೆ ಏನಾಗುತ್ತದೋ, ಪಟ್ಟಿಯನ್ನು ಓದದೆ ಅಳಿಸಿದರೆ ಇಲ್ಲಿಯೂ ಅದೇ ಆಗುತ್ತದೆ.

ಸಿಗದಿರುವುದಕ್ಕೆ ಕಾರಣಗಳು ಅನೇಕ. ತಂತ್ರಾಂಶ ನಿಜಕ್ಕೂ ಹೋಗಿರಬಹುದು. ಇದು ಇಷ್ಟವಾದ ಪಕ್ಷ. ಕಡತವು ಪೆನ್ ಡ್ರೈವಿನಲ್ಲೋ ಹೊರಗಿನ ಹಾರ್ಡ್ ಡಿಸ್ಕಿನಲ್ಲೋ ಕಚೇರಿಯ ಸರ್ವರಿನಲ್ಲೋ ಇದ್ದು ಈಗ ಜೋಡಣೆಯಾಗದೆ ಇರಬಹುದು. ಇನ್ನೊಂದು ಕಾರಣ ಸೂಕ್ಷ್ಮ. 64 ಬಿಟ್‌ನ ವಿಂಡೋಸಿನಲ್ಲಿ 32 ಬಿಟ್‌ನ ತಂತ್ರಾಂಶ ಸಿಸ್ಟಮ್32 ಎಂಬ ಫೋಲ್ಡರನ್ನು ಕೇಳಿದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಸಿಸ್‌ವಾವ್64 ಎಂಬ ಬೇರೆ ಫೋಲ್ಡರಿಗೆ ತಿರುಗಿಸುತ್ತದೆ. ರಿಜಿಸ್ಟ್ರಿಯಲ್ಲಿಯೂ ಹಾಗೆಯೇ ‘ವಾವ್6432ನೋಡ್’ ಎಂಬ ಬೇರೆ ಶಾಖೆಗೆ ಒಯ್ಯುತ್ತದೆ. ಈ ತಿರುವನ್ನು ಅರಿಯದ ಹಳೆಯ ಶೋಧಕ ಇಲ್ಲದ ಕಡೆ ಹುಡುಕಿ, ಇರುವ ಕಡತವನ್ನು ಇಲ್ಲವೆಂದು ಹೇಳುತ್ತದೆ. ಆದುದರಿಂದ ಹುಡುಕಾಟಕ್ಕೆ ಮುನ್ನ ನಿತ್ಯ ಬಳಸುವ ಡ್ರೈವುಗಳನ್ನೆಲ್ಲ ಜೋಡಿಸಿಕೊಳ್ಳಬೇಕು, ಹಳೆಯ ಕಾಲದ ಶೋಧಕವನ್ನು ಹೊಸ ವಿಂಡೋಸಿನ ಮೇಲೆ ಓಡಿಸಬಾರದು. ತಂತ್ರಾಂಶಗಳನ್ನು ಮುಚ್ಚಿರಬೇಕು, ವಿಂಡೋಸ್ ಅಪ್‌ಡೇಟ್ ಅರ್ಧದಲ್ಲಿರಬಾರದು ಎಂಬುದೂ ಇದರಿಂದಲೇ ಸಿದ್ಧಿಸುತ್ತದೆ. ಅಪ್‌ಡೇಟಿನ ನಡುವೆ ಎಷ್ಟೋ ಕಡತಗಳು ತಮ್ಮ ಸ್ಥಾನಕ್ಕೆ ಇನ್ನೂ ಬಂದಿರುವುದಿಲ್ಲ.

ಇನ್ನು ಚೌಕಗಳ ಸಾಲುಗಳು. ಮೊದಲನೆಯದು ‘ಮಿಸ್ಸಿಂಗ್ ಶೇರ್ಡ್ ಡಿಎಲ್‌ಎಲ್ಸ್’. ಡಿಎಲ್‌ಎಲ್ ಎಂದರೆ ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಂಕೇತಗಳ ಕಡತ. ‘ಶೇರ್ಡ್‌ಡಿಎಲ್‌ಎಲ್ಸ್’ ಎಂಬ ಕೀಯಲ್ಲಿ ಇಂಥ ಒಂದೊಂದು ಕಡತದ ಹೆಸರಿನ ಮುಂದೆಯೂ ಒಂದು ಸಂಖ್ಯೆ ಇರುತ್ತದೆ. ಎಷ್ಟು ತಂತ್ರಾಂಶಗಳು ಅದನ್ನು ಅವಲಂಬಿಸಿವೆ ಎಂಬ ಲೆಕ್ಕ ಅದು. ಒಂದು ತಂತ್ರಾಂಶ ಸ್ಥಾಪಿತವಾದಾಗ ಲೆಕ್ಕ ಒಂದು ಏರುತ್ತದೆ, ತೆಗೆದಾಗ ಒಂದು ಇಳಿಯುತ್ತದೆ, ಸೊನ್ನೆಗೆ ಬಂದಾಗ ಮಾತ್ರ ಕಡತವನ್ನು ಅಳಿಸಬಹುದೆಂದು ಅನ್‌ಇನ್‌ಸ್ಟಾಲರ್ ತಿಳಿಯುತ್ತದೆ. ಕಡತ ನಿಜಕ್ಕೂ ಇಲ್ಲದಿದ್ದರೆ ಈ ಲೆಕ್ಕದ ಸಾಲನ್ನು ತೆಗೆಯುವುದರಿಂದ ಬಾಧಕವಿಲ್ಲ, ಇಟ್ಟುಕೊಳ್ಳುವುದರಿಂದಲೂ ಇಲ್ಲ. ಕಡತ ಇದ್ದೂ ಲೆಕ್ಕ ಅಳಿದುಹೋದರೆ ಅನರ್ಥ. ಮುಂದೆ ಬರುವ ತಂತ್ರಾಂಶ ಲೆಕ್ಕವನ್ನು ಒಂದರಿಂದ ಶುರುಮಾಡಬಹುದು; ಅದನ್ನು ತೆಗೆದ ದಿನ ಲೆಕ್ಕ ಸೊನ್ನೆಯಾಗಿ, ಉಳಿದವರೂ ಆಶ್ರಯಿಸಿದ್ದ ಕಡತ ಅದರೊಂದಿಗೆ ಹೊರಟುಹೋಗಬಹುದು. ಕೆಡುಕು ಅಳಿಸಿದ ದಿನವೇ ಕಾಣದೆ, ತಿಂಗಳುಗಳ ಮೇಲೆ, ಸಂಬಂಧವೇ ಇಲ್ಲವೆಂದು ತೋರುವ ಕೆಲಸದ ನಂತರ ಕಾಣಿಸಿಕೊಳ್ಳುವ ಬಗೆ ಇದು.

‘ಅನ್‌ಯೂಸ್ಡ್ ಫೈಲ್ ಎಕ್ಸ್‌ಟೆನ್ಷನ್ಸ್’ ಎಂದರೆ ಕಡತದ ಹೆಸರಿನ ಬಾಲಕ್ಕೆ ಯಾವ ತಂತ್ರಾಂಶವೂ ಒಡೆಯನಾಗಿಲ್ಲದ ನಮೂದುಗಳು. ಇವು ಬಹುಮಟ್ಟಿಗೆ ನಿರುಪದ್ರವ. ತೆಗೆದರೂ ಸರಿ, ಬಿಟ್ಟರೂ ಸರಿ.

‘ಆಕ್ಟಿವ್‌ಎಕ್ಸ್ ಅಂಡ್ ಕ್ಲಾಸ್ ಇಶ್ಯೂಸ್’, ‘ಟೈಪ್ ಲೈಬ್ರರೀಸ್’ ಎಂಬ ಎರಡು ಸಾಲುಗಳನ್ನು ಒಟ್ಟಿಗೆ ಓದಬೇಕು. ಒಂದು ತಂತ್ರಾಂಶ ಇನ್ನೊಂದರ ಅಂಗವನ್ನು ಕರೆದು ಕೆಲಸ ಮಾಡಿಸಿಕೊಳ್ಳುವ ಏರ್ಪಾಡು ವಿಂಡೋಸಿನಲ್ಲಿದೆ. ಅಂಥ ಪ್ರತಿಯೊಂದು ಅಂಗಕ್ಕೂ 128 ಬಿಟ್‌ಗಳ ಗುರುತುಸಂಖ್ಯೆಯಿದ್ದು, ಅದನ್ನು ಪುಷ್ಪಾವರಣದೊಳಗೆ ಮೂವತ್ತೆರಡು ಹೆಕ್ಸ್ ಅಂಕಿಗಳಾಗಿ ಬರೆದಿರುತ್ತದೆ. ಟೈಪ್ ಲೈಬ್ರರಿಯೆಂದರೆ ಆ ಅಂಗವನ್ನು ಹೇಗೆ ಮಾತಾಡಿಸಬೇಕೆಂಬ ವಿವರ. ಎಕ್ಸೆಲ್‌ನಲ್ಲಿ ಬರೆದ ಮ್ಯಾಕ್ರೋ, ಲೆಕ್ಕಪತ್ರದ ತಂತ್ರಾಂಶ ವರ್ಡ್‌ನಲ್ಲಿ ತಾನೇ ತೆರೆಯುವ ಪತ್ರ, ಡಿಜಿಟಲ್ ಸಹಿಯ ಉಪಕರಣ ಇವೆಲ್ಲ ಈ ಏರ್ಪಾಡಿನ ಮೇಲೆ ನಿಂತಿರಬಹುದು. ಪಟ್ಟಿಯಲ್ಲಿ ಕಾಣುವುದು ಅಂಕಿಗಳ ಸಾಲು ಮಾತ್ರವಾದ್ದರಿಂದ ಅದು ಯಾರದೆಂದು ಕಣ್ಣಿಗೆ ತಿಳಿಯುವುದಿಲ್ಲ. ಆದುದರಿಂದ ನಿಯಮ: ಯಾರದೆಂದು ತಿಳಿಯದ ಅಂಕಿಸಾಲನ್ನು ಮುಟ್ಟಬಾರದು. ಪಟ್ಟಿಯ ಸಾಲಿನ ಮೇಲೆ ಬಲಗುಂಡಿ ಒತ್ತಿ ‘ಓಪನ್ ಇನ್ ರೆಜಿಡಿಟ್’ ಎಂಬುದನ್ನು ಆರಿಸಿದರೆ ಆ ಕೀ ಇರುವ ಜಾಗವೇ ತೆರೆದುಕೊಳ್ಳುತ್ತದೆ. ಒಳಗಿನ ಹೆಸರು, ದಾರಿ, ತಯಾರಕರ ಸುಳಿವು ನೋಡಿ ನಿರ್ಣಯಿಸಬಹುದು. ಅಷ್ಟಾದರೂ ತಿಳಿಯದಿದ್ದರೆ ಚೌಕದ ಗುರುತನ್ನು ತೆಗೆದು ಮುಂದೆ ಹೋಗುವುದು.

‘ಅಪ್ಲಿಕೇಷನ್ಸ್’, ‘ಅಪ್ಲಿಕೇಷನ್ ಪಾತ್ಸ್’, ‘ಹೆಲ್ಪ್ ಫೈಲ್ಸ್’ ಎಂಬವುಗಳಿಗೆ ಹೆಚ್ಚು ವಿಸ್ತಾರ ಬೇಡ. ಎರಡನೆಯದರಿಂದಲೇ ‘ರನ್’ ಪೆಟ್ಟಿಗೆಯಲ್ಲಿ ಪೂರ್ತಿ ದಾರಿ ಬರೆಯದೆ ತಂತ್ರಾಂಶದ ಹೆಸರಷ್ಟೇ ಬರೆದರೂ ಅದು ತೆರೆಯುವುದೆಂದು ತಿಳಿದರೆ ಸಾಕು. ತಂತ್ರಾಂಶ ಹೋಗಿದೆಯೆಂಬುದು ನಿಶ್ಚಯವಾದರೆ ಇವು ತ್ಯಾಜ್ಯ.

‘ಫಾಂಟ್ಸ್’ ಎಂಬ ಸಾಲನ್ನು ಕನ್ನಡದಲ್ಲಿ ಬರೆಯುವವರು ನಿಂತು ಓದಬೇಕು. ಅಕ್ಷರವಿನ್ಯಾಸದ ಹೆಸರಿನ ಮುಂದೆ ಅದರ ಕಡತದ ಹೆಸರನ್ನು ಬರೆದಿಟ್ಟ ಕೀ ಇದು. ಬರಿಯ ಕಡತದ ಹೆಸರಿದ್ದರೆ ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿದೆಯೆಂದು ತಿಳಿಯತಕ್ಕದ್ದು. ಬೇರೆಡೆ ಇದ್ದರೆ ಪೂರ್ತಿ ದಾರಿ ಬರೆದಿರುತ್ತದೆ. ವಿಂಡೋಸ್ 10ರ 1809ನೆಯ ಆವೃತ್ತಿಯಿಂದ ಒಬ್ಬ ಬಳಕೆದಾರರಿಗಷ್ಟೇ ಸೀಮಿತವಾಗಿ ಫಾಂಟನ್ನು ಅವರ ಸ್ವಂತ ಫೋಲ್ಡರಿನಲ್ಲಿ ಸ್ಥಾಪಿಸುವ ಕ್ರಮವೂ ಬಂದಿದೆ. ಇದನ್ನರಿಯದ ಶೋಧಕ ತಪ್ಪಾಗಿ ಹೇಳಬಹುದು. ಯೂನಿಕೋಡಿನಲ್ಲಿ ಬರೆದ ಕನ್ನಡಕ್ಕೆ ವಿಂಡೋಸಿನೊಡನೆಯೇ ಬರುವ ನಿರ್ಮಲ ಯುಐ ಎಂಬ ಫಾಂಟಿನ ಆಸರೆಯಿದೆ, ಬೇರೊಂದು ಫಾಂಟು ಹೋದರೆ ಅದು ತೋರಿಸುತ್ತದೆ. ಆದರೆ ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಎನ್‌ಕೋಡಿಂಗಿನಲ್ಲಿ ಬೆರಳಚ್ಚಾದ ಕಡತಗಳಿಗೆ ಆ ಆಸರೆಯಿಲ್ಲ. ಅವುಗಳೊಳಗೆ ಇರುವುದು ವಾಸ್ತವದಲ್ಲಿ ಲ್ಯಾಟಿನ್ ಅಕ್ಷರಗಳ ಸಂಕೇತ. ನುಡಿಯ ಫಾಂಟು ಅದರ ಮೇಲೆ ಕನ್ನಡದ ರೂಪವನ್ನು ತೊಡಿಸುತ್ತದೆ. ಫಾಂಟಿನ ನಮೂದು ಅಳಿದರೆ ಪಂಚಾಯತಿಯ ಹಳೆಯ ನಡಾವಳಿಯೂ ಶಾಲೆಯ ಪ್ರಶ್ನೆಪತ್ರಿಕೆಯೂ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳಾಗಿ ತೋರುತ್ತವೆ. ಕಡತ ಕೆಟ್ಟಿಲ್ಲ, ಫಾಂಟನ್ನು ಮತ್ತೆ ಸ್ಥಾಪಿಸಿದರೆ ಸರಿಹೋಗುತ್ತದೆ. ಆದರೆ ಕೆಟ್ಟಿತೆಂದು ತಿಳಿದು ಕಡತವನ್ನೇ ಎಸೆಯುವ ಅಪಾಯವುಂಟು. ಈ ಸಾಲಿನಲ್ಲಿ ನುಡಿ ಮೊದಲಾದ ಕನ್ನಡ ಫಾಂಟುಗಳ ಹೆಸರು ಕಂಡರೆ ಅವನ್ನು ಬಿಟ್ಟುಬಿಡತಕ್ಕದ್ದು.

‘ಇನ್‌ಸ್ಟಾಲರ್’ ಎಂಬ ಸಾಲೂ ಕಠಿಣ. ಎಂಎಸ್‌ಐ ಮಾದರಿಯ ತಂತ್ರಾಂಶ ಸ್ಥಾಪಿತವಾದಾಗ ಅದರ ಸ್ಥಾಪನಾಕಡತದ ಒಂದು ಪ್ರತಿ ವಿಂಡೋಸಿನ ಇನ್‌ಸ್ಟಾಲರ್ ಫೋಲ್ಡರಿನಲ್ಲಿ ಅಂಕಿಅಕ್ಷರಗಳ ಅಪರಿಚಿತ ಹೆಸರಿನಿಂದ ಉಳಿಯುತ್ತದೆ. ರಿಜಿಸ್ಟ್ರಿ ಅದರ ಸಂಬಂಧವನ್ನು ಹಿಡಿದಿರುತ್ತದೆ. ಮುಂದೆ ದುರಸ್ತಿ, ಅಪ್‌ಡೇಟ್, ಅನ್‌ಇನ್‌ಸ್ಟಾಲ್ ಮೂರಕ್ಕೂ ಈ ಸಂಬಂಧ ಬೇಕು. ಕಡಿದರೆ ತಂತ್ರಾಂಶ ಇಂದು ಓಡುತ್ತಲೇ ಇರುತ್ತದೆ, ನಾಳೆ ಅಪ್‌ಡೇಟೂ ಆಗದೆ ತೆಗೆಯಲೂ ಬಾರದೆ ನಿಲ್ಲುತ್ತದೆ. ಮೈಕ್ರೋಸಾಫ್ಟ್ ತನ್ನ ‘ವಿಂಡೋಸ್ ಇನ್‌ಸ್ಟಾಲರ್ ಕ್ಲೀನಪ್ ಯುಟಿಲಿಟಿ’ಯನ್ನು 2010ರಲ್ಲಿ ಹಿಂತೆಗೆದದ್ದೂ ಅದು ಇತರ ತಂತ್ರಾಂಶಗಳ ಅಂಗಗಳನ್ನು ಕೆಡಿಸುತ್ತಿದ್ದ ಕಾರಣದಿಂದ. ‘ಅಬ್ಸಲೀಟ್ ಸಾಫ್ಟ್‌ವೇರ್’ ಎಂದರೆ ಹೋದ ತಂತ್ರಾಂಶ ಬಿಟ್ಟುಹೋದ ಆಯ್ಕೆಗಳು. ಅದನ್ನು ಮತ್ತೆ ಸ್ಥಾಪಿಸುವ ಯೋಚನೆಯಿದ್ದರೆ ಪರವಾನಗಿಯ ವಿವರ ಅದರಲ್ಲೇ ಇರಬಹುದೆಂಬುದನ್ನು ಮರೆಯಬಾರದು. ‘ರನ್ ಅಟ್ ಸ್ಟಾರ್ಟ್‌ಅಪ್’ ಎಂಬಲ್ಲಿ ಉಪಕರಣದ ನಿಜವಾದ ಉಪಕಾರ ಕಾಣುತ್ತದೆ: ಗಣಕ ಏಳುವಾಗ ಇಲ್ಲದ ಕಡತವನ್ನು ಕರೆದು ಸಂದೇಶ ತೋರಿಸುವ ನಮೂದು ಇಲ್ಲಿ ಸಿಗುತ್ತದೆ, ತೆಗೆದರೆ ಸಂದೇಶ ನಿಲ್ಲುತ್ತದೆ. ‘ಸ್ಟಾರ್ಟ್ ಮೆನು ಆರ್ಡರಿಂಗ್’, ‘ಎಂಯುಐ ಕ್ಯಾಶ್’, ‘ಸೌಂಡ್ ಈವೆಂಟ್ಸ್’ ಎಂಬ ಮೂರೂ ಅಲ್ಪವಿಷಯ. ನಡುವಿನದು ವಿಂಡೋಸ್ ತಾನೇ ಮತ್ತೆ ಬರೆದುಕೊಳ್ಳುವಂಥದು.

‘ವಿಂಡೋಸ್ ಸರ್ವೀಸಸ್’ ಎಂಬ ಕೊನೆಯ ಸಾಲು ಪ್ರಾಣಸ್ಥಾನ. ಸರ್ವೀಸ್ ಎಂದರೆ ಬಳಕೆದಾರರಿಗೆ ಕಾಣದೆ ಹಿನ್ನೆಲೆಯಲ್ಲಿ ಓಡುವ ತಂತ್ರಾಂಶ. ಇವುಗಳ ವಿವರವಿರುವ ಕೀಯಲ್ಲೇ ಯಂತ್ರಾಂಶದ ಚಾಲಕಗಳೂ ಇವೆ. ಪ್ರತಿಯೊಂದಕ್ಕೂ ‘ಸ್ಟಾರ್ಟ್’ ಎಂಬ ನಮೂದಿದ್ದು 0ರಿಂದ 4ರವರೆಗಿನ ಸಂಖ್ಯೆಯನ್ನು ಹೊಂದಿರುತ್ತದೆ. 0 ಎಂದರೆ ಗಣಕ ಎದ್ದ ಕೂಡಲೇ ಮೊದಲಿಗೆ ಏಳತಕ್ಕದ್ದು, 4 ಎಂದರೆ ಏಳಕೂಡದು. ಸೊನ್ನೆ ಬರೆದ ಚಾಲಕದ ನಮೂದು ಹೋದರೆ ವಿಂಡೋಸ್ ಮೇಲೇಳದೆ ನೀಲಿ ಪರದೆಯಲ್ಲೇ ನಿಲ್ಲಬಹುದು. ಕಡತದ ದಾರಿಯನ್ನು ಇಲ್ಲಿ ಬರೆಯುವ ರೀತಿಯೂ ಬೇರೆ: ಡ್ರೈವಿನ ಅಕ್ಷರವಿಲ್ಲದೆ ‘ಸಿಸ್ಟಮ್‌ರೂಟ್’ ಎಂದೋ ನೇರವಾಗಿ ಸಿಸ್ಟಮ್32 ಎಂದೋ ಶುರುವಾಗುವುದುಂಟು. ಆ ರೀತಿಯನ್ನು ಬಿಡಿಸಲಾರದ ಶೋಧಕಕ್ಕೆ ಇರುವ ಚಾಲಕವೂ ಇಲ್ಲದಂತೆ ತೋರುತ್ತದೆ. ಈ ಚೌಕದ ಗುರುತನ್ನು ಹುಡುಕಾಟಕ್ಕೆ ಮೊದಲೇ ತೆಗೆದುಬಿಡುವುದು ಲೇಸು.

ಬಲಗಡೆಯ ಅಂಕಣಗಳು ‘ಪ್ರಾಬ್ಲೆಮ್’, ‘ಡೇಟಾ’, ‘ರಿಜಿಸ್ಟ್ರಿ ಕೀ’. ಏನು ಸಿಗಲಿಲ್ಲ, ಯಾವುದನ್ನು ಹುಡುಕಲಾಯಿತು, ಯಾವ ಜಾಗದ ನಮೂದು ಹಾಗೆ ಹುಡುಕಿಸಿತು ಎಂಬುದು ಕ್ರಮವಾಗಿ ಇವುಗಳ ಅರ್ಥ. ಕಣ್ಣು ಸಹಜವಾಗಿ ಮೊದಲ ಅಂಕಣದಲ್ಲಿ ನಿಲ್ಲುತ್ತದೆ. ನಿರ್ಣಯಕ್ಕೆ ಬೇಕಾದ್ದು ನಡುವಿನದು. ಅಲ್ಲಿರುವ ದಾರಿಯಲ್ಲಿ ಬಹುಮಟ್ಟಿಗೆ ತಂತ್ರಾಂಶದ ಹೆಸರು ಕಾಣುತ್ತದೆ. ಅದು ಬಳಕೆದಾರರೇ ತೆಗೆದುಹಾಕಿದ ತಂತ್ರಾಂಶವಾಗಿದ್ದರೆ ಗುರುತು ಇರಲಿ. ಹೆಸರು ಅಪರಿಚಿತವಾಗಿದ್ದರೆ, ಪ್ರಿಂಟರ್, ಸ್ಕ್ಯಾನರ್, ಆಂಟಿವೈರಸ್, ಬ್ಯಾಂಕಿನ ಟೋಕನ್ ಮೊದಲಾದವಕ್ಕೆ ಸೇರಿದ್ದಾದರೆ, ವಿಂಡೋಸಿನ ಸ್ವಂತ ಫೋಲ್ಡರಿನೊಳಗಿನ ದಾರಿಯಾದರೆ ಗುರುತನ್ನು ತೆಗೆಯತಕ್ಕದ್ದು. ಪಟ್ಟಿಯ ಎಲ್ಲ ಸಾಲುಗಳಿಗೂ ಉಪಕರಣ ಮೊದಲೇ ಗುರುತು ಹಾಕಿರುತ್ತದೆಂಬುದನ್ನು ಗಮನಿಸಬೇಕು. ಅಂದರೆ ಸುಮ್ಮನಿದ್ದರೆ ಎಲ್ಲವೂ ಹೋಗುತ್ತವೆ, ಕೈಯಾಡಿಸಿದರೆ ಮಾತ್ರ ಉಳಿಯುತ್ತವೆ. ಎಲ್ಲ ಗುರುತುಗಳನ್ನೂ ಒಮ್ಮೆಲೇ ತೆಗೆದು, ಬೇಕಾದ ನಾಲ್ಕಾರು ಸಾಲುಗಳಿಗೆ ಮಾತ್ರ ಮತ್ತೆ ಹಾಕುವುದು ಸುರಕ್ಷಿತ ಪದ್ಧತಿ.

ಈಗ, ಗುರುತು ಹಾಕಿದ ಸಾಲುಗಳನ್ನು ಸರಿಪಡಿಸಲು ಹೊರಟಾಗ ಉಪಕರಣ ಕೇಳುವ ಪ್ರಶ್ನೆ: ರಿಜಿಸ್ಟ್ರಿಗೆ ಮಾಡುವ ಬದಲಾವಣೆಗಳ ಬ್ಯಾಕಪ್ ಬೇಕೆ? ‘ಯೆಸ್’ ಎಂಬುದೊಂದೇ ಇದಕ್ಕೆ ಉತ್ತರ. ‘ಬದಲಾವಣೆಗಳ’ ಎಂಬ ಷಷ್ಠಿಯ ಅರ್ಥವನ್ನು ಸರಿಯಾಗಿ ಹಿಡಿಯಬೇಕು. ಇಡೀ ರಿಜಿಸ್ಟ್ರಿಯ ಪ್ರತಿಯಲ್ಲ, ಅಳಿಸಲಿರುವ ನಮೂದುಗಳ ಪ್ರತಿ ಮಾತ್ರ ಇಲ್ಲಿ ಉಳಿಯುತ್ತದೆ. ‘ಸಿಸಿ’ ಎಂಬ ಎರಡು ಅಕ್ಷರ, ಅನಂತರ ವರ್ಷ ತಿಂಗಳು ದಿನ, ಅನಂತರ ಗಂಟೆ ನಿಮಿಷ ಸೆಕೆಂಡು, ಕೊನೆಗೆ ‘.ರೆಗ್’ ಎಂಬ ಬಾಲ: ಹೀಗೆ ಹೆಸರಿರುವ ಆ ಕಡತವನ್ನು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇಡಲು ಉಪಕರಣ ಸೂಚಿಸುತ್ತದೆ. ಇನ್ನೊಂದು ಪ್ರತಿ ಪೆನ್ ಡ್ರೈವಿನಲ್ಲಿರಲಿ.

ಈ ಕಡತವೂ ಪಾಠದ ಭಾಗವೇ ಆದುದರಿಂದ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದಬೇಕು. ಡಬಲ್ ಕ್ಲಿಕ್ ಮಾಡಬಾರದು. ಹಾಗೆ ಮಾಡಿದರೆ ಅದು ರಿಜಿಸ್ಟ್ರಿಗೆ ಸೇರಲು ಹೊರಡುತ್ತದೆ. ಮೊದಲ ಸಾಲು ‘ವಿಂಡೋಸ್ ರಿಜಿಸ್ಟ್ರಿ ಎಡಿಟರ್ ವರ್ಷನ್ 5.00’ ಎಂಬುದು, ಇಂಥ ಒಂದು ತಲೆಸಾಲು ಇದ್ದರೆ ಮಾತ್ರ ವಿಂಡೋಸ್ ಕಡತವನ್ನು ಒಪ್ಪುತ್ತದೆ. ವಿಂಡೋಸ್ 95, 98ರ ಕಾಲದ ಕಡತಗಳಲ್ಲಿ ‘ರೆಜಿಡಿಟ್4’ ಎಂದಿರುತ್ತಿತ್ತು. ಅನಂತರ ಚೌಕ ಆವರಣದೊಳಗೆ ಕೀಯ ಪೂರ್ತಿ ದಾರಿ. ಅದರ ಕೆಳಗೆ ಉದ್ಧರಣಚಿಹ್ನೆಯೊಳಗೆ ನಮೂದಿನ ಹೆಸರು, ಸಮಚಿಹ್ನೆ, ಡೇಟಾ. ಡೇಟಾ ಪಠ್ಯವಾದರೆ ಉದ್ಧರಣಚಿಹ್ನೆಯೊಳಗೂ, ಸಂಖ್ಯೆಯಾದರೆ ‘ಡಿವರ್ಡ್’ ಎಂಬ ಶಬ್ದದ ಮುಂದೆ ಎಂಟು ಹೆಕ್ಸ್ ಅಂಕಿಗಳಲ್ಲೂ ಇರುತ್ತದೆ. ಚೌಕ ಆವರಣದೊಳಗೆ ದಾರಿಗೆ ಮೊದಲು ಒಂದು ಮೈನಸ್ ಚಿಹ್ನೆ ಇದ್ದರೆ ಅರ್ಥ ತಲೆಕೆಳಗಾಗುತ್ತದೆ: ಆ ಕೀಯನ್ನು ಅದರೊಳಗಿನ ಸಮಸ್ತದೊಂದಿಗೆ ಅಳಿಸು ಎಂದು. ಯಾರೋ ಕಳುಹಿಸಿದ ‘.ರೆಗ್’ ಕಡತವನ್ನು ಓದದೆ ಒತ್ತಬಾರದೆಂಬುದಕ್ಕೆ ಈ ಒಂದು ಗೆರೆಯೇ ಸಾಕಾದ ಕಾರಣ.

ಮರಳಿ ಸೇರಿಸುವಿಕೆಯಲ್ಲಿ ಎರಡು ಸೂಕ್ಷ್ಮಗಳಿವೆ. ಒಂದನೆಯದು: ಕಡತವು ರಿಜಿಸ್ಟ್ರಿಯಲ್ಲಿ ಬೆರೆಯುತ್ತದೆ, ಅದನ್ನು ಹಿಂದಿನ ಸ್ಥಿತಿಗೆ ತಿರುಗಿಸುವುದಿಲ್ಲ. ಅಳಿದದ್ದು ಮರಳುತ್ತದೆ, ಆ ನಡುವೆ ಬೇರೆ ತಂತ್ರಾಂಶ ಹೊಸದಾಗಿ ಬರೆದದ್ದು ಹಾಗೆಯೇ ಉಳಿಯುತ್ತದೆ. ಪೂರ್ತಿ ಹಿಂದಕ್ಕೆ ಹೋಗಬೇಕೆಂದರೆ ರಿಸ್ಟೋರ್ ಪಾಯಿಂಟೇ ಬೇಕು. ಎರಡನೆಯದು: ‘ಎಚ್‌ಕೀ ಕರೆಂಟ್ ಯೂಸರ್’ ಎಂಬ ಶಾಖೆ ಯಾವಾಗಲೂ ಈಗ ಕೆಲಸ ಮಾಡುತ್ತಿರುವ ಬಳಕೆದಾರರನ್ನೇ ಸೂಚಿಸುತ್ತದೆ. ಮಗಳ ಖಾತೆಯಲ್ಲಿ ಅಳಿಸಿದ್ದನ್ನು ತಂದೆಯ ಖಾತೆಯಲ್ಲಿ ಸೇರಿಸಿದರೆ ಅದು ತಂದೆಯ ದಫ್ತರಕ್ಕೆ ಹೋಗುತ್ತದೆ. ಸಾಮಾನ್ಯ ಖಾತೆಯಲ್ಲಿದ್ದುಕೊಂಡು ಬೇರೊಬ್ಬ ಅಡ್ಮಿನಿಸ್ಟ್ರೇಟರಿನ ಪಾಸ್‌ವರ್ಡ್ ಕೊಟ್ಟಾಗಲೂ ಇದೇ ತಪ್ಪು ನಡೆಯುತ್ತದೆ. ಯಾವ ಖಾತೆಯಲ್ಲಿ ಅಳಿಸಲಾಯಿತೋ ಅದೇ ಖಾತೆಯಲ್ಲಿ ಮರಳಿಸಬೇಕು.

ಇಷ್ಟೂ ಗಣಕ ಮೇಲೆದ್ದರೆ ನಡೆಯುವ ಮಾತು. ಏಳದಿದ್ದರೆ? ಆಗ ‘.ರೆಗ್’ ಕಡತವನ್ನು ಒತ್ತಲು ಪರದೆಯೇ ಇರುವುದಿಲ್ಲ. ವಿಂಡೋಸಿನ ರಿಕವರಿ ಪರಿಸರಕ್ಕೆ ಹೋಗಿ, ‘ಟ್ರಬಲ್‌ಶೂಟ್’, ಅಲ್ಲಿಂದ ‘ಅಡ್ವಾನ್ಸ್ಡ್ ಆಪ್ಷನ್ಸ್’, ಅಲ್ಲಿಂದ ‘ಸಿಸ್ಟಮ್ ರಿಸ್ಟೋರ್’ ಹಿಡಿಯಬೇಕು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿಯ ರಕ್ಷೆ ಇದ್ದರೆ ಅಲ್ಲಿ 48 ಅಂಕಿಗಳ ರಿಕವರಿ ಕೀಯನ್ನು ಕೇಳುವುದುಂಟು. ಈಚಿನ ಲ್ಯಾಪ್‌ಟಾಪುಗಳಲ್ಲಿ ಈ ರಕ್ಷೆ ಮಾಲೀಕರಿಗೆ ಅರಿವಿಲ್ಲದೆಯೇ ಆನ್ ಆಗಿರಬಹುದು. ಆ ಅಂಕಿಗಳನ್ನು ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಟ್ಟಿರದಿದ್ದರೆ ರಿಸ್ಟೋರ್ ಪಾಯಿಂಟ್ ಒಳಗೆ ಭದ್ರವಾಗಿದ್ದರೂ ಕೈಗೆ ಸಿಗದು. ಆದುದರಿಂದ ಬ್ಯಾಕಪ್ ಎಂಬ ಪದವು ಉಪಲಕ್ಷಣ. ಅದರಲ್ಲಿ ‘.ರೆಗ್’ ಕಡತ, ರಿಸ್ಟೋರ್ ಪಾಯಿಂಟ್, ರಿಕವರಿ ಕೀ ಈ ಮೂರೂ ಸೇರಿವೆಯೆಂದು ತಿಳಿಯುವುದು.

‘ಫಿಕ್ಸ್ ಇಶ್ಯೂ’, ‘ಫಿಕ್ಸ್ ಆಲ್ ಸೆಲೆಕ್ಟೆಡ್ ಇಶ್ಯೂಸ್’ ಎಂಬ ಎರಡು ಗುಂಡಿಗಳು ಬ್ಯಾಕಪ್ ಪ್ರಶ್ನೆಯ ನಂತರ ತೆರೆಯುವ ಒಂದೇ ಪೆಟ್ಟಿಗೆಯಲ್ಲಿವೆ. ಪೆಟ್ಟಿಗೆಯೊಳಗೆ ಒಂದೊಂದು ಸಾಲಿನ ವಿವರವೂ ಅದಕ್ಕೆ ಪರಿಹಾರವೂ ಬರೆದಿರುತ್ತದೆ. ಆ ಪರಿಹಾರ ಬಹುಮಟ್ಟಿಗೆ ಒಂದೇ, ನಮೂದನ್ನು ಅಳಿಸುವುದು. ಕಳೆದುಹೋದ ಕಡತವನ್ನು ತಂದುಕೊಡುವ ಶಕ್ತಿ ಉಪಕರಣಕ್ಕಿಲ್ಲ. ಕೆಟ್ಟ ತಂತ್ರಾಂಶವನ್ನು ಸರಿಪಡಿಸಬೇಕಾದರೆ ಅದನ್ನೇ ಮರುಸ್ಥಾಪಿಸಬೇಕು. ಎರಡನೆಯ ಗುಂಡಿ ಸಮಯ ಉಳಿಸುತ್ತದೆ, ಮೊದಲನೆಯದು ಒಂದೊಂದರ ವಿವರ ಓದಿಸುತ್ತದೆ. ಗುರುತು ಹಾಕಿದ ಸಾಲುಗಳು ನಾಲ್ಕಾರೇ ಆಗಿದ್ದರೆ ಮೊದಲನೆಯದೇ ಸಾಕು. ನೂರಾರಿದ್ದರೆ ಅವುಗಳನ್ನು ಹಿಂದಿನ ಹಂತದಲ್ಲಿ ಓದಿಲ್ಲವೆಂದೇ ಅರ್ಥ.

‘ಕ್ಲೋಸ್’ ಎಂಬುದರಿಂದ ಪೆಟ್ಟಿಗೆ ಮುಚ್ಚುತ್ತದೆ. ಅನಂತರ ಗಣಕವನ್ನು ರೀಸ್ಟಾರ್ಟ್ ಮಾಡಿ, ಪ್ರಿಂಟರಿನಿಂದ ಒಂದು ಹಾಳೆ, ಹಳೆಯ ನುಡಿ ಕಡತದ ಒಂದು ಪುಟ, ಮ್ಯಾಕ್ರೋ ಇರುವ ಒಂದು ಎಕ್ಸೆಲ್, ನಿತ್ಯದ ಲೆಕ್ಕಪತ್ರದ ತಂತ್ರಾಂಶ, ಇವನ್ನು ತೆರೆದು ನೋಡಬೇಕು. ಶೇರ್ಡ್ ಡಿಎಲ್‌ಎಲ್ ಮತ್ತು ಇನ್‌ಸ್ಟಾಲರ್ ಸಾಲುಗಳಲ್ಲಿ ಹೇಳಿದಂತೆ ಕೆಲವು ಕೆಡುಕು ತಡವಾಗಿ ತೋರುವುದರಿಂದ, ಬ್ಯಾಕಪ್ ಕಡತವನ್ನು ಮರುದಿನವೇ ಅಳಿಸದೆ ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಕು. ಅದರ ಗಾತ್ರ ಹೇಗೂ ಅಲ್ಪ. ಕೊನೆಯ ಶಂಕೆ: ಪಟ್ಟಿ ಪೂರ್ತಿ ಬರಿದಾಗುವವರೆಗೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಬೇಕಲ್ಲವೆ? ಸಮಾಧಾನ: ಬೇಡ. ಎರಡನೆಯ ಸುತ್ತಿನಲ್ಲಿ ಬರುವ ಸಾಲುಗಳಲ್ಲಿ ಕೆಲವು ಮೊದಲ ಸುತ್ತಿನ ಅಳಿಸುವಿಕೆಯಿಂದಲೇ ಹುಟ್ಟಿದವು; ಕ್ಲಾಸಿನ ನಮೂದು ಹೋದ ಮೇಲೆ ಅದರತ್ತ ಬೆರಳು ತೋರಿಸುತ್ತಿದ್ದ ಇನ್ನೊಂದು ಕೀ ಈಗ ದಿಕ್ಕಿಲ್ಲದೆ ಪಟ್ಟಿಗೆ ಸೇರಿದೆ. ಆ ಎರಡನೆಯದನ್ನೂ ಅಳಿಸಿದರೆ ಮೊದಲ ಬ್ಯಾಕಪ್ ಒಂದರಿಂದಲೇ ತಂತ್ರಾಂಶ ಹಿಂದಿನಂತಾಗದು. ಎರಡು ಸುತ್ತಿನ ಎರಡು ಕಡತಗಳನ್ನೂ ಮರಳಿ ಸೇರಿಸಬೇಕಾಗುತ್ತದೆ.